ಬಲಗಡೆಯ ಚೈನು

ಎಡಗಡೆಯ ಚೈನು ಇದ್ದಲ್ಲೇ ಇತ್ತು. ಬಲಗಡೆಯದು ಮಾಯವಾಗಿತ್ತು.

ಮೊದಲು ನೋಡಿದವರು ಚಂದ್ರಪ್ಪನವರೇ. ಊಟ ಮುಗಿಸಿ, ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ತಮ್ಮ ಮೇಜಿನ ಹತ್ತಿರ ಹೋದವರು ಹಾಗೇ ನಿಂತುಬಿಟ್ಟರು. ಅವರ ಹಿಂದೆಯೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಮಜ್ಜಿಗೆ ಲೋಟ ಹಿಡಿದು ಬಂದ ಇಂಪನಾ ಭುಜದ ಪಕ್ಕದಿಂದ ಇಣುಕಿ ನೋಡಿದಳು. ಗೇಣುದ್ದದ ಮಿಲಿಟರಿ ಗಾಡಿ ಬಲಕ್ಕೆ ವಾಲಿ ನಿಂತಿತ್ತು. ಆ ಬದಿಯ ಗಾಲಿಗಳೆಲ್ಲ ಚೈನಿಲ್ಲದೆ ಬೆತ್ತಲಾಗಿದ್ದವು.

ಪುಣೆಯ ಮಗರಪಟ್ಟಾದ ಹಿಂಬದಿಯ ಆ ವಸತಿ ಸೊಸೈಟಿಯ ಹಾಲಿನಲ್ಲಿ ಅಂದು ಮಾಡೆಲ್ ಬಳಗದ ವಾರ್ಷಿಕ ಪ್ರದರ್ಶನ. ನಿಜವಾದ ಟ್ಯಾಂಕು, ವಿಮಾನ, ಹಡಗುಗಳನ್ನು ಅಳತೆ ತಪ್ಪದಂತೆ ಪುಟ್ಟದಾಗಿ ಕಟ್ಟುವುದು ಈ ಬಳಗದವರ ಹುಚ್ಚು. ದೊಡ್ಡವರ ಆಟಿಕೆ ಎಂದು ಹೊರಗಿನವರು ನಗುತ್ತಾರೆ. ಒಳಗಿನವರಾದರೋ ಒಂದು ತಿರುಪು ಕೂದಲೆಳೆಯಷ್ಟು ಆಚೀಚೆ ಆದರೂ ತಿಂಗಳುಗಟ್ಟಲೆ ಮಾತು ಬಿಡುತ್ತಾರೆ. ಹಾಸನದಿಂದ ಬಂದು ಇಲ್ಲಿ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಇಂಪನಾ ಈ ಹುಚ್ಚರ ಫೋಟೋಗ್ರಾಫರ್. ಬೆಳಗಿನಿಂದ ಒಂದೊಂದು ಮೇಜಿನದೂ ಹತ್ತು ಹದಿನೈದು ಫೋಟೋ ತೆಗೆದಿದ್ದಳು.

ಚಂದ್ರಪ್ಪ ಕೋಲಾರದ ಕಡೆಯವರು. ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದವರು, ಕೊನೆಯ ವರ್ಷಗಳನ್ನು ಇಲ್ಲೇ ದೇಹೂ ರೋಡಿನ ದಂಡುಪ್ರದೇಶದಲ್ಲಿ ಕಳೆದು, ಈಗ ಇದೇ ಸೊಸೈಟಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅಂಗಡಿಯಲ್ಲಿ ಸಿಗುವ ಟ್ಯಾಂಕಿನ ಕಿಟ್ ತಂದು, ತೋಪು ಕಿತ್ತು, ಕ್ರೇನು ಕೂರಿಸಿ, ಕೆಟ್ಟು ನಿಂತ ಟ್ಯಾಂಕುಗಳನ್ನು ಎಳೆದು ತರುವ ಗಾಡಿಯನ್ನಾಗಿ ಅದನ್ನು ಬದಲಿಸಿದ್ದರು. ಅವರು ಹನ್ನೊಂದು ವರ್ಷ ದುಡಿದ ಗಾಡಿ ಅದು. ಸೈನ್ಯದವರು ಅದಕ್ಕಿಟ್ಟಿದ್ದ ಹೆಸರು ಎಮ್ಮೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಚೈನು. ಕಿಟ್ಟಿನಲ್ಲಿ ಬಂದ ಚೈನು ಹೊಸ ಟ್ಯಾಂಕಿನದು, ಎಮ್ಮೆಯದು ಸವೆದದ್ದು. ಹಾಗಾಗಿ ಚಂದ್ರಪ್ಪ ಬಿಡಿ ಬಿಡಿ ಲೋಹದ ಕೊಂಡಿಗಳನ್ನು ತರಿಸಿ, ಪ್ರತಿಯೊಂದರ ಮೈಮೇಲಿನ ರಬ್ಬರ್ ಪಟ್ಟಿಯ ಉಬ್ಬನ್ನು ಅರದಿಂದ ಉಜ್ಜಿ ತೆಗೆದು, ನಡುವಿನ ಹಲ್ಲನ್ನು ಸೂಜಿಯಷ್ಟು ಸಣ್ಣ ಡ್ರಿಲ್ಲಿನಿಂದ ಟೊಳ್ಳು ಮಾಡಿ, ತಂತಿಯ ಪಿನ್ನು ಹಾಕಿ ಒಂದಕ್ಕೊಂದು ಜೋಡಿಸಿದ್ದರು. ಒಂದು ಬದಿಗೆ ಎಂಬತ್ತೊಂದು ಕೊಂಡಿ. ಕೊಂಡಿಯ ಹೊರಮೈಯಲ್ಲಿ ಬಾಣದ ಮೊನೆಯಂಥ ಗೆರೆ. ಬಣ್ಣ ಮಾತ್ರ ಡಬ್ಬಿಯದಲ್ಲ. ಸೊಸೈಟಿಯ ಹಿಂದಿನ ಓಣಿಯ ಯಮನವ್ವನ ಖಾನಾವಳಿಗೆ ವಾರಕ್ಕೊಮ್ಮೆ ಹೋಗಿ, ರೊಟ್ಟಿ ಹಂಚಿನ ಬೆನ್ನ ಮೇಲಿನ ಮಸಿ ಕೆರೆದು ತಂದು, ಹನಿ ಎಣ್ಣೆಯಲ್ಲಿ ಕಲಸಿ ಬಳಿದಿದ್ದರು. "ಸವೆದ ಕಬ್ಬಿಣದ ಕಪ್ಪು ಯಾವ ಅಂಗಡೀಲೂ ಸಿಗಲ್ಲಮ್ಮ" ಎನ್ನುತ್ತಿದ್ದರು.

ಇಷ್ಟೆಲ್ಲ ಬಹುಮಾನಕ್ಕಾಗಿ ಅಲ್ಲ ಎಂಬುದು ಇಂಪನಾಗೆ ಗೊತ್ತಿತ್ತು. ಮೂರೂವರೆಗೆ ಭೋರ್‌ನಿಂದ ಅಂಬಾದಾಸ ಬರುವವರಿದ್ದರು. ಎಮ್ಮೆಯ ಡ್ರೈವರ್ ಅವರು, ಚಂದ್ರಪ್ಪನವರ ಜೀವದ ಗೆಳೆಯ. ಹೆಂಡತಿ ತೀರಿಕೊಂಡ ಮೇಲೆ ಒಂದು ವರ್ಷದಿಂದ ಮನೆಬಿಟ್ಟು ಹೊರಗೆ ಬಂದಿರಲಿಲ್ಲ, ಫೋನಿನಲ್ಲಿ ಹ್ಞೂಂ ಉಹ್ಞೂಂ ಬಿಟ್ಟರೆ ಮಾತಿರಲಿಲ್ಲ. "ಅವನು ಒಂದು ಸಲ ನಗಬೇಕಮ್ಮ. ಅಷ್ಟೇ ನನಗೆ ಬೇಕಾಗಿರೋದು" ಎಂದು ಚಂದ್ರಪ್ಪ ಬೆಳಿಗ್ಗೆಯೇ ಹೇಳಿದ್ದರು. ಗಾಡಿ ನೋಡಿದರೆ ಯಾಕೆ ನಗುತ್ತಾರೆ ಎಂದು ಕೇಳಿದರೆ, "ಅದು ನಮ್ಮಿಬ್ಬರ ವಿಷಯ" ಎಂದು ಮೀಸೆಯಡಿಯಲ್ಲೇ ಮುಗುಳ್ನಕ್ಕಿದ್ದರು.

ಈಗ ಆ ನಗು ಎಲ್ಲೋ ಹೋಗಿತ್ತು. "ಬಿಡಮ್ಮ. ಅಂಬಾದಾಸನಿಗೆ ಫೋನ್ ಮಾಡಿ, ಬರೋದು ಬೇಡ ಅಂತೀನಿ" ಎಂದು ಕುರ್ಚಿಯಲ್ಲಿ ಕುಸಿದು ಕೂತರು.

"ಅರೆ ದೇವಾ!" ಎಂದು ಕೂಗಿದವಳು ಬಳಗದ ಕಾರ್ಯದರ್ಶಿ ಹರ್ಷದಾ. ಸೋಲಾಪುರದಲ್ಲಿ ಬೆಳೆದ ಅವಳಿಗೆ ಮರಾಠಿಯಷ್ಟೇ ಸಲೀಸಾಗಿ ಕನ್ನಡವೂ ಬರುತ್ತಿತ್ತು, ಎರಡಕ್ಕಿಂತ ಸಲೀಸಾಗಿ ನಿಯಮಗಳು ಬರುತ್ತಿದ್ದವು. "ಯಾರೂ ಹೊರಗ ಹೋಗಬ್ಯಾಡ್ರಿ! ಥಾಂಬಾ! ಇಲ್ಲಿ ಕಳ್ಳ ಇದ್ದಾನ!" ಎಂದು ಬಾಗಿಲಿಗೆ ಅಡ್ಡ ನಿಂತು, ಎಲ್ಲರ ಚೀಲ, ಜೇಬು, ಕಿಟ್ಟಿನ ಡಬ್ಬಿ, ಕೊನೆಗೆ ಒಬ್ಬ ಸದಸ್ಯನ ಹೆಲ್ಮೆಟ್ಟನ್ನೂ ತಡಕಿದಳು. ಚೈನು ಸಿಗಲಿಲ್ಲ.

ಊಟದ ಹೊತ್ತಿನಲ್ಲಿ ಎಲ್ಲರೂ ವರಾಂಡದಲ್ಲಿದ್ದರು. ಒಂದು ಗಂಟೆಗೆ ಹರ್ಷದಾ ಸ್ಪರ್ಧಿಗಳ ಪಟ್ಟಿ ತೆಗೆದುಕೊಳ್ಳಲು ಒಳಗೆ ಬಂದಾಗ ಹಾಲಿನಲ್ಲಿದ್ದವರು ಇಬ್ಬರೇ. ಚಂದ್ರಪ್ಪನವರ ಮೇಜಿನ ಪಕ್ಕದ ಪ್ಲಗ್ಗಿಗೆ ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡು, ಗೋಡೆಗೆ ಮುಖ ಮಾಡಿ, ಕಿವಿಗೆ ಬಿಳಿ ಇಯರ್‌ಫೋನ್ ಹಾಕಿಕೊಂಡು ಆಫೀಸಿನ ಕಾಲ್‌ನಲ್ಲಿ ಮುಳುಗಿದ್ದ ಪುನೀತ ಒಬ್ಬ. ಹಾಲಿನ ಆ ತುದಿಯಲ್ಲಿ, ತನ್ನ ಮೇಜಿನ ಮೇಲೆ ಬಗ್ಗಿ ತನ್ನ ಮಾಡೆಲ್ಲನ್ನೇ ಸರಿಪಡಿಸುತ್ತಿದ್ದ ಕಿಶೋರ ಇನ್ನೊಬ್ಬ.

"ನಾನ್ ಯಾಕ್ ತಗೊಳ್ಳಿ? ಅಂಕಲ್ ಹತ್ರ ಎಲ್ಲ ಕಲ್ತಿರೋದೇ ನಾನು!" ಪುನೀತನ ದನಿ ಅಳುವ ಹಾಗಿತ್ತು. ಚಂದ್ರಪ್ಪನವರ ಶಿಷ್ಯ ಅವನು, ಮಂಡ್ಯದ ಕಡೆಯವನು. "ಪ್ರೊಡಕ್ಷನ್ ಡೌನ್ ಆಗಿತ್ತು, ನಲವತ್ತು ನಿಮಿಷ ಕಾಲ್‌ನಲ್ಲೇ ಇದ್ದೆ. ಹಿಂದೆ ಆನೆ ಬಂದು ಹೋಗಿದ್ರೂ ನಂಗೆ ಗೊತ್ತಾಗ್ತಿರ್ಲಿಲ್ಲ."

"ಮೇಜಿಗೆ ಹತ್ತಿರ ಇದ್ದವನು ನೀನ" ಎಂದಳು ಹರ್ಷದಾ.

ಆದರೆ ಎಲ್ಲರ ಕಣ್ಣೂ ನಿಧಾನವಾಗಿ ಹೊರಳಿದ್ದು ಕಿಶೋರನ ಕಡೆಗೆ. ಕಲಬುರಗಿಯಿಂದ ಬಂದ ಮನೆತನ, ಪುಣೆಯಲ್ಲೇ ಹುಟ್ಟಿ ಬೆಳೆದವನು, ಕಾರ್ಖಾನೆಯಲ್ಲಿ ಲೇತ್ ನಡೆಸುವವನು, ಎರಡು ವರ್ಷ ಸತತ ಮೊದಲ ಬಹುಮಾನ ಗೆದ್ದವನು. ಕಳೆದ ಪ್ರದರ್ಶನದಲ್ಲಿ ಚಂದ್ರಪ್ಪನವರ ಟ್ಯಾಂಕಿನ ಮುಚ್ಚಳ ಎಡಕ್ಕೆ ತೆರೆಯುವ ಬದಲು ಬಲಕ್ಕೆ ತೆರೆಯುತ್ತದೆ ಎಂದು ಎಲ್ಲರೆದುರು ಎತ್ತಿ ಆಡಿದ್ದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಅದೇ ಅವನ ತಪ್ಪು. ಅಂದಿನಿಂದ ಚಂದ್ರಪ್ಪ ಅವನ ಜೊತೆ ಮಾತು ಬಿಟ್ಟಿದ್ದರು. ಎದುರಿಗೆ ಬಂದರೆ ಅವನನ್ನು ಗೋಡೆಯಂತೆ ನೋಡಿ ಹೋಗುತ್ತಿದ್ದರು.

"ನನ್ನ ಜೇಬು ನೋಡಿದ್ರಲ್ಲ?" ಎಂದ ಕಿಶೋರ, ಯಾರ ಮುಖವನ್ನೂ ನೋಡದೆ.

ಇಂಪನಾಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಕೈಯಲ್ಲಿ ಮಜ್ಜಿಗೆಯ ಪೇಪರ್ ಲೋಟ ಇನ್ನೂ ಹಾಗೇ ಇತ್ತು. ಊಟದ ಕೊನೆಗೆ ಮಜ್ಜಿಗೆ ಹಂಚಿದ್ದು ಇದೇ ಕಿಶೋರ. ಎಲ್ಲರಿಗಿಂತ ತಡವಾಗಿ ಬಂದು, ತಾನು ತಟ್ಟೆ ಹಿಡಿಯುವ ಮೊದಲೇ ಜಗ್ಗು ಎತ್ತಿಕೊಂಡು, ಎಂದೂ ಇಲ್ಲದ ಉಪಚಾರ ಮಾಡಿದ್ದ. ಲೋಟದ ಬಿಳಿ ಮೈಮೇಲೆ ಹೆಬ್ಬೆರಳ ಕರಿ ಗುರುತಿತ್ತು. ಯಮನವ್ವನ ಒಲೆಯ ಮಹಿಮೆ ಎಂದುಕೊಂಡು ಅವಳು ಹೊರಗೆ ಓಡಿದಳು.

ವರಾಂಡದಲ್ಲಿ ಯಮನವ್ವ ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಸಂಕ್ರಾಂತಿಯ ವಾರ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಅರವತ್ತು ದಾಟಿದ ಯಮನವ್ವ ಯಾದಗಿರಿಯ ಕಡೆಯಿಂದ ಗಂಡನ ಜೊತೆ ಪುಣೆಗೆ ಬಂದಾಗ ಈ ಕಟ್ಟಡಗಳಿರಲಿಲ್ಲ. ಇವುಗಳ ಇಟ್ಟಿಗೆಯನ್ನು ತಲೆಯ ಮೇಲೆ ಹೊತ್ತವರಲ್ಲಿ ಅವಳೂ ಒಬ್ಬಳು. ಗಂಡ ಬುಲ್ಡೋಜರ್ ನಡೆಸುತ್ತಿದ್ದ. ಈಗ ಅವಳು ರೊಟ್ಟಿ ಬಡಿಯುತ್ತಾಳೆ, ಬಿಡುವಾದಾಗ ಸೊಸೈಟಿಯ ಗುಟ್ಟುಗಳನ್ನೂ ಬಿಡಿಸುತ್ತಾಳೆ. ಲಿಫ್ಟಿನಲ್ಲಿ ಉಂಗುರ ಕಳೆದರೂ, ಯಾರದೋ ಕುಂಡದಿಂದ ದಾಸವಾಳ ಹೋದರೂ ಜನ ಮೊದಲು ಅವಳ ಹತ್ತಿರ ಬರುತ್ತಾರೆ, ಆಮೇಲೆ ವಾಚ್‌ಮನ್ ಬಾಬುವಿನ ಹತ್ತಿರ. ಮೂರು ವರ್ಷದಿಂದ ಅವಳ ಕೈಯ ಊಟ ಉಣ್ಣುತ್ತಿರುವ ಇಂಪನಾ ಅವಳ ಪತ್ತೇದಾರಿಕೆಗೆ ಕಣ್ಣು, ಕಾಲು ಮತ್ತು ಮೊಬೈಲು.

"ಅವ್ವಾ, ಬೇಗ ಬನ್ನಿ. ಚಂದ್ರಪ್ಪ ಅಂಕಲ್ ಗಾಡಿ ಚೈನು ಕಳ್ಳತನ ಆಗಿದೆ!"

"ಎರಡೂ?"

"ಇಲ್ಲ, ಬಲಗಡೇದು ಮಾತ್ರ."

ಯಮನವ್ವನ ಕೈ ನಿಂತಿತು. "ಒಂದ? ಒಂದ ಯಾಕ ಒಯ್ದಾರವ್ವ? ಕಳ್ಳ ಕಿವ್ಯಾಗಿನ ಓಲೆ ಬಿಚ್ಚಿದ್ರ ಎರಡೂ ಬಿಚ್ಚತಾನ." ಎದ್ದು ಸೆರಗಿಗೆ ಕೈ ಒರೆಸಿಕೊಂಡವಳು ಇಂಪನಾಳ ಕೈಯಲ್ಲಿದ್ದ ಲೋಟ ನೋಡಿದಳು. ಅದನ್ನು ಮೆಲ್ಲಗೆ ಕಸಿದುಕೊಂಡು, ಉಳಿದಿದ್ದ ಮಜ್ಜಿಗೆಯನ್ನು ಗಿಡಕ್ಕೆ ಸುರಿದು, ಕರಿ ಗುರುತನ್ನು ಮೂಸಿ, ಲೋಟವನ್ನು ರೊಟ್ಟಿ ಬುಟ್ಟಿಯ ಹಿಂದೆ ಇಟ್ಟಳು. "ಇರಲಿ" ಎಂದಳು, ಅಷ್ಟೇ.

ಹಾಲಿನಲ್ಲಿ ಯಮನವ್ವ ಯಾರನ್ನೂ ಪ್ರಶ್ನೆ ಕೇಳಲಿಲ್ಲ. ಇದು ಅವಳ ಪದ್ಧತಿ. ಕೇಳಿದರೆ ಜನ ಹೇಳಬೇಕೆಂದದ್ದನ್ನು ಹೇಳುತ್ತಾರೆ, ಕೇಳದಿದ್ದರೆ ಇದ್ದದ್ದನ್ನು ಹೇಳುತ್ತಾರೆ ಎಂಬುದು ಅವಳ ನಂಬಿಕೆ. ಚಂದ್ರಪ್ಪನವರ ಮೇಜಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು. ಗಾಡಿಯ ಪಕ್ಕದಲ್ಲಿ ಅಂಟಿನ ಬಾಟಲಿಯ ಮುಚ್ಚಳವೊಂದು ಬೋರಲಾಗದೆ ನೆಟ್ಟಗೆ ಕೂತಿತ್ತು. ಅದರೊಳಗೆ ಕೂದಲಿನಂಥ ಒಂದು ತಂತಿ.

"ಇದೇನವ್ವ?"

"ಚೈನಿನ ಪಿನ್ನು ಅವ್ವಾ. ಇದೊಂದನ್ನು ಎಳೆದ್ರೆ ಚೈನು ಬಿಚ್ಚಿಕೊಳ್ಳುತ್ತೆ."

"ಒಂದೂ ಕೊಂಡಿ ಮುರಿದು ಬಿದ್ದಿಲ್ಲ, ಗಾಲಿಗೆ ಗೀರಿಲ್ಲ. ಪಿನ್ನು ಕಳೀಬಾರದಂತ ಮುಚ್ಚಳದಾಗ ಇಟ್ಟಾನ. ಭಾಳ ಮರ್ಯಾದಸ್ಥ ಕಳ್ಳ ಇದ್ದಾನ ಬಿಡು."

ಗಾಡಿ ನಿಂತಿದ್ದದ್ದು ಮರಳುಗಾಡಿನ ಒಂದು ತುಣುಕಿನ ಮೇಲೆ. ಚಂದ್ರಪ್ಪ ಅದನ್ನು ಎರಡು ತಿಂಗಳ ಹಿಂದೆಯೇ, ಚೈನುಗಳನ್ನು ಗಾಡಿಗೆ ಹಾಕುವ ಮೊದಲೇ, ಮಾಡಿ ಒಣಗಿಸಿಟ್ಟಿದ್ದರು. ಹಿಂದೆ ಮರಳಿನಲ್ಲಿ ಚೈನು ಮೂಡಿಸಿದ ಎರಡು ಸಾಲು ಅಚ್ಚು. ಆ ಅಚ್ಚುಗಳ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಆಫೀಸರ್, ಸೊಂಟಕ್ಕೆ ಕೈಯಿಟ್ಟು ನೆಲ ನೋಡುತ್ತ ನಿಂತಿದ್ದ. ಥೇಟು ಈಗ ಯಮನವ್ವ ನಿಂತ ಹಾಗೆಯೇ.

ಯಮನವ್ವ ಅಚ್ಚುಗಳನ್ನು ಬಹಳ ಹೊತ್ತು ನೋಡಿದಳು. "ಮುಂಜಾನೆ ತಗದ ಫೋಟೋ ತೋರಸವ್ವ. ಗಾಡಿ ಮುಂದಿಂದು."

ಇಂಪನಾ ಕ್ಯಾಮೆರಾದ ಪರದೆಯನ್ನು ಅವಳತ್ತ ತಿರುಗಿಸಿದಳು. ಯಮನವ್ವ ಎಡಗಡೆಯ ಚೈನಿನ ಮೇಲೆ ಬೆರಳಿಟ್ಟು, ಬಲಗಡೆಯದರ ಮೇಲೆ ಬೆರಳಿಟ್ಟು, ಗೊಳ್ಳನೆ ನಗಲು ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಚಂದ್ರಪ್ಪನವರ ಪಕ್ಕ ಕೂತು ಕಿವಿಯಲ್ಲಿ ಒಂದೇ ಒಂದು ಮಾತು ಕೇಳಿದಳು. ಮುದುಕರು ಬೆಚ್ಚಿ ಅವಳನ್ನು ನೋಡಿದರು. ನಂತರ ಮೀಸೆ ಅಲುಗಿತು.

"ಫೋನ್ ಮಾಡಬ್ಯಾಡ್ರಿ ಅಣ್ಣಾರ. ಅವರು ಬರ್ಲಿ" ಎಂದು ಯಮನವ್ವ ಎದ್ದಳು. "ಇಂಪನಾ, ನಡಿ, ಎಲ್ಲಾ ಮೇಜು ನೋಡಿ ಬರೂಣು. ನಾನೂ ಪ್ರದರ್ಶನಕ್ಕ ಬಂದಾಕಿನ ಅಲ್ಲೇನು?"

ಇಬ್ಬರೂ ಸುತ್ತಿದರು. ಹರ್ಷದಾಳ ಮೇಜಿನ ಮೇಲೆ ಸಾಲಾಗಿ ವಿಮಾನಗಳು. ಪುನೀತನದು ಉಗಿಹಡಗು. ಅವನ ಇಯರ್‌ಫೋನ್ ಲ್ಯಾಪ್‌ಟಾಪಿನ ಮೇಲೆ ಹಾಲಿನಂತೆ ಬೆಳ್ಳಗೆ ಬಿದ್ದಿತ್ತು, ಯಮನವ್ವ ಅದನ್ನೂ ಒಂದು ಕ್ಷಣ ನೋಡಿದಳು. ಕೊನೆಗೆ ಕಿಶೋರನ ಮೇಜು. ಅವನು ಮಾಡಿದ್ದದ್ದು ಒಂದು ಗುಜರಿ ಅಂಗಳ. ತುಕ್ಕು ಹಿಡಿದ ಟ್ಯಾಂಕು, ಮುರಿದ ಲಾರಿ, ಡ್ರಮ್ಮು, ಅಲ್ಲಲ್ಲಿ ಬಿಸಾಕಿದ ಹಳೆಯ ಚೈನಿನ ಸುರುಳಿಗಳು. ಒಂದು ಟ್ಯಾಂಕಿನ ಬುಡದಲ್ಲಿ, ಒಂದು ಡ್ರಮ್ಮಿನ ಮೇಲೆ, ಒಂದು ಬೇಲಿಯ ಮೂಲೆಯಲ್ಲಿ, ಒಂದು ಲಾರಿಯ ಹಿಂದಿನ ನೆರಳಿನಲ್ಲಿ.

"ಮುಂಜಾನಿ ಇದರ ಫೋಟೋನೂ ತಗದೀಯಲ್ಲ? ಅದರಾಗ ಸುರುಳಿ ಎಷ್ಟು ಅದಾವ ಎಣಿಸು" ಎಂದು ಯಮನವ್ವ ಪಿಸುಗುಟ್ಟಿದಳು.

ಇಂಪನಾ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

ಎರಡೂವರೆಗೆ ಯಮನವ್ವ ಎಲ್ಲರನ್ನೂ ಚಂದ್ರಪ್ಪನವರ ಮೇಜಿನ ಸುತ್ತ ಕೂರಿಸಿದಳು. ಹರ್ಷದಾ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಪುನೀತ ಉಗುರು ಕಚ್ಚುತ್ತಿದ್ದ. ಕಿಶೋರ ಎಲ್ಲರಿಗಿಂತ ಹಿಂದೆ ನಿಂತಿದ್ದ.

"ನೋಡ್ರಿ, ನಾನು ಓದಿದಾಕಿ ಅಲ್ಲ" ಎಂದು ಯಮನವ್ವ ಶುರುಮಾಡಿದಳು. ದೊಡ್ಡ ಗುಟ್ಟು ಬಿಡಿಸುವಾಗೆಲ್ಲ ಅವಳು ಹೀಗೇ ಶುರುಮಾಡುವುದು. ಇದು ವಿನಯವಲ್ಲ, ಜಂಬ ಎಂಬುದು ಇಂಪನಾಗೆ ಚೆನ್ನಾಗಿ ಗೊತ್ತಿತ್ತು. "ಆದ್ರ ನನ್ನ ಗಂಡ ಚೈನಿನ ಗಾಡಿ ನಡಸ್ತಿದ್ದ. ಕೆಸರಾಗ ಗಾಡಿ ಹೋದ ಗುರುತು ನೋಡಿ, ಬುತ್ತಿ ತಗೊಂಡು ಯಾ ದಿಕ್ಕಿಗೆ ಹೋಗಬೇಕಂತ ತಿಳ್ಕೋತಿದ್ದೆ. ಇಲ್ಲಿ ಮರಳಾಗ ನೋಡ್ರಿ. ಎಡಗಡೆ ಅಚ್ಚಿನ ಬಾಣ ಮುಂದಕ ಹೊಂಟಾವ. ಬಲಗಡೇವು?"

ಹರ್ಷದಾ ಬಗ್ಗಿದಳು. "ಹಿಂದಕ!"

"ಫೋಟೋದಾಗ ಚೈನು ನೋಡ್ರಿ. ಎಡಗಡೆ ಬಾಣ ಮ್ಯಾಲ, ಬಲಗಡೆ ಬಾಣ ಕೆಳಗ. ಅಣ್ಣಾರ ಬಲಗಡೆ ಚೈನು ತಿರುವಿ ಹಾಕ್ಯಾರ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಎರಡೂ ಬದಿಯ ಬಾಣ ಒಂದೇ ದಿಕ್ಕಿಗಿರಬೇಕು, ಟ್ಯಾಂಕ್ ಕಟ್ಟುವವರಲ್ಲಿ ಇದಕ್ಕಿಂತ ನಾಚಿಕೆಯ ತಪ್ಪು ಇನ್ನೊಂದಿಲ್ಲ. ಪುನೀತ "ಅಯ್ಯೋ ಅಂಕಲ್!" ಎಂದೇಬಿಟ್ಟ.

"ಕೇಳಿದ್ರಿಲ್ಲ?" ಯಮನವ್ವ ಅವನತ್ತ ಬೆರಳು ತೋರಿಸಿದಳು. "ಈ ಹುಡುಗಗ ಗೊತ್ತಾಗಿದ್ರ ಹಿಂಗ ಬಾಯಿಬಿಟ್ಟು ಹೇಳತಿದ್ದ. ಗುರು ಅಲ್ಲೇನು, ಹೇಳಾಕ ಏನು ಅಡ್ಡಿ? ಹರ್ಷದಾಬಾಯಿಗೆ ಗೊತ್ತಾಗಿದ್ರ ಮೈಕಿನಾಗ ಹೇಳತಿದ್ದಳು. ಇಲ್ಲಿ ಒಬ್ಬವಗ ಮಾತ್ರ ಮುಂಜಾನಿನ ಗೊತ್ತಾಗ್ಯಾದ. ಆದ್ರ ಅಂವಗ ಹೇಳಾಕ ಬಾಯಿಲ್ಲ. ಯಾಕಂದ್ರ ಹ್ವಾದ ವರ್ಷ ಹೇಳಿ ಕೆಟ್ಟಾನ."

ಯಾರೂ ಹಿಂದೆ ತಿರುಗಿ ನೋಡುವ ಅಗತ್ಯವಿರಲಿಲ್ಲ. ಆದರೂ ಎಲ್ಲರೂ ತಿರುಗಿದರು.

"ಆದ್ರೆ ಅವ್ವಾ, ಇವರು ಗೆಲ್ಲಬೇಕು ಅಂತಿದ್ರೆ ಸುಮ್ನೆ ಬಿಟ್ಟಿದ್ರೆ ಸಾಕಿತ್ತಲ್ವಾ?" ಎಂದಳು ಇಂಪನಾ. "ಜಡ್ಜ್‌ಗಳೇ ಅಂಕಲ್‌ನ ಹೊರಗೆ ಹಾಕ್ತಿದ್ರು."

"ಅದನ್ನ ನಾನೂ ಅನ್ನೋದು. ಕೆಡಸಬೇಕಂದವ ಕೆಟ್ಟಿದ್ದನ್ನ ಮುಟ್ಟಂಗಿಲ್ಲ. ಇದು ಕೆಡಸಾಕ ಮಾಡಿದ ಕೆಲಸ ಅಲ್ಲ, ಸರಿ ಮಾಡಾಕ ಹೋಗಿದ್ದು. ಅದಕ್ಕ ಒಂದ ಚೈನು ಬಿಚ್ಚ್ಯಾನ, ಅದಕ್ಕ ಪಿನ್ನು ಜ್ವಾಪಾನ ಮಾಡ್ಯಾನ. ತಿರುವಿ ಹಾಕಬೇಕನ್ನೋದರಾಗ ಹರ್ಷದಾಬಾಯಿ ಬಾಗಿಲು ತಗದಳು. ಕೈಯಾಗಿನ ಚೈನು ಎಲ್ಲಿ ಇಡಬೇಕು? ಓಡಿ ಹೋಗಿ ತನ್ನ ಗುಜರಿ ಅಂಗಳದಾಗ ಒಗದ. ಮುಂಜಾನಿ ಫೋಟೋದಾಗ ಅಲ್ಲಿ ಮೂರು ಸುರುಳಿ ಅದಾವ. ಈಗ ನಾಕು."

ಇಂಪನಾ ಆಗಲೇ ಆ ತುದಿಯ ಮೇಜಿನ ಹತ್ತಿರ ಓಡಿದ್ದಳು. ಮೊದಲು ಬೇಲಿ ಮೂಲೆಯ ಸುರುಳಿಯನ್ನು ಮುಟ್ಟಿ ನೋಡಿದಳು. ಬೆರಳಿಗೆ ಏನೂ ಹತ್ತಲಿಲ್ಲ, ಅದು ಡಬ್ಬಿಯ ಬಣ್ಣ. ಲಾರಿಯ ಹಿಂದಿನ ಸುರುಳಿಯನ್ನು ಎತ್ತಿದಾಗ ಬೆರಳು ಕಪ್ಪಾಯಿತು. ಮೂಸಿ ನೋಡಿದಳು. ರೊಟ್ಟಿಯ ಒಲೆ, ಶೇಂಗಾ ಎಣ್ಣೆ.

ಯಮನವ್ವ ಬುಟ್ಟಿಯ ಹಿಂದಿನಿಂದ ಪೇಪರ್ ಲೋಟ ತಂದು ಎತ್ತಿ ಹಿಡಿದಳು. "ನನ್ನ ಹಂಚಿನ ಮಸಿ ನನಗ ಗೊತ್ತಾಗಂಗಿಲ್ಲೇನು? ಒಲಿ ಮುಂದ ಕುಂತಾಕಿ ನಾನು, ಮಜ್ಜಿಗಿ ಹಂಚಿದಂವ ಕಿಶೋರ. ನಾನು ಲೋಟ ಮುಟ್ಟೇ ಇಲ್ಲ. ಪುನೀತ ಚೈನು ಮುಟ್ಟಿದ್ರ ಅಂವನ ಕಿವ್ಯಾಗಿನ ಬಿಳಿ ದಾರ ಕರ್ರಗ ಆಗಬೇಕಿತ್ತು. ಕಿಶೋರಪ್ಪ, ಬಾ ಮುಂದ. ಊಟಾನೂ ಮಾಡಿಲ್ಲ ನೀನು."

ಕಿಶೋರ ಮುಂದೆ ಬಂದ. ಅವನ ಹೆಬ್ಬೆರಳು ಇನ್ನೂ ಕಪ್ಪಾಗಿತ್ತು. "ಎರಡು ನಿಮಿಷದ ಕೆಲಸ ಇತ್ರಿ" ಎಂದ, ನೆಲ ನೋಡುತ್ತ. "ಅವರು ಹಿಂಗ ಸೋತ್ರ ನನಗ ಗೆದ್ದಂಗ ಅನಸಂಗಿಲ್ಲ. ಅಷ್ಟು ಛಂದ ಚೈನು ನಾನು ಜಿಂದಗಿದಾಗ ನೋಡಿಲ್ಲ. ಒಂದೊಂದು ಹಲ್ಲಿಗೂ ತೂತು ಕೊರದಾರ. ಅದನ್ನ ಉಲ್ಟಾ ಹಾಕ್ಯಾರಲ್ಲ ಅಂತ ಹೊಟ್ಟಿ ಉರೀತು. ಹೇಳಬೇಕಂದ್ರ ನನ್ನ ಕಡೆ ನೋಡಂಗಿಲ್ಲ. ಆಮ್ಯಾಲ ಹರ್ಷದಾ ತಾಯಿ ಕಳ್ಳ ಅಂದ್ರು, ಬಾಯಿ ಕಟ್ಟಿಹೋತು. ಪುನೀತ, ತಪ್ಪಾತಪ್ಪ. ನಿನ್ನ ಮ್ಯಾಲ ಬಂದಾಗ ಹೇಳಬೇಕಿತ್ತು."

ಪುನೀತ ಅವನ ಬೆನ್ನ ಮೇಲೆ ಒಂದು ಗುದ್ದಿದ, ಅಲ್ಲಿಗೆ ಲೆಕ್ಕ ಮುಗಿಯಿತು. ಇಂಪನಾಗೆ ಮಾತ್ರ ಕಣ್ಣು ತುಂಬಿ ಬಂತು. ಇಷ್ಟು ಹೊತ್ತು ಆ ಮನುಷ್ಯನನ್ನೇ ಮನಸ್ಸಿನಲ್ಲಿ ಬೈದುಕೊಂಡಿದ್ದಳು.

"ಮುಗಿಯಿತಲ್ಲ?" ಎಂದಳು ಹರ್ಷದಾ ಗಡಿಯಾರ ನೋಡುತ್ತ. "ಈಗ ಸರಿಯಾಗಿ ಹಾಕಿಬಿಡ್ರಿ. ಮುಂದಕ ತಿರುಗಿಸಿ."

"ಬ್ಯಾಡ!" ಎಂದಳು ಯಮನವ್ವ. "ಅರ್ಧ ಗುಟ್ಟು ಇನ್ನೂ ಉಳದದ. ಚೈನು ಹಾಕೂ ಮುಂಚೇನ ಮರಳಾಗ ಅಚ್ಚು ಒತ್ಯಾರ ಅಣ್ಣಾರ. ಕೈ ತಪ್ಪಿದ್ರ ಒಂದು ಕಡೆ ತಪ್ಪಬೇಕು, ಚೈನಿನಾಗೂ ಮರಳಾಗೂ ಒಂದ ತಪ್ಪು ಹ್ಯಾಂಗ ಆಗತದ? ಮತ್ತ ಈ ಸಣ್ಣ ಸಾಹೇಬ ಯಾಕ ಸೊಂಟಕ್ಕ ಕೈ ಇಟ್ಟು ಅದನ್ನ ನೋಡಕತ್ಯಾನ? ಅದಕ್ಕ ನಾನು ಕಿವಿಯಾಗ ಕೇಳಿದೆ, ಬೇಕಂತನ ಹಾಕೀರೇನ್ರಿ ಅಂತ."

ಎಲ್ಲರೂ ಚಂದ್ರಪ್ಪನವರನ್ನು ನೋಡಿದರು. ಮುದುಕರು ಗಂಟಲು ಸರಿಮಾಡಿಕೊಂಡರು.

"ರಾಜಸ್ಥಾನದಲ್ಲಿ ಯುದ್ಧದ ಎಕ್ಸರ್‌ಸೈಜು. ಮಧ್ಯಾಹ್ನದ ಬಿಸಿಲು, ದೂರದಲ್ಲಿ ಮರಳುಗಾಳಿ ಏಳ್ತಾ ಇದೆ, ಎಮ್ಮೆಯ ಬಲಗಡೆ ಚೈನು ಕಳಚಿಕೊಳ್ತು. ನಾನೂ ಅಂಬಾದಾಸನೂ ಕಣ್ಣುಮುಚ್ಚಿ ಹಾಕಿದ್ವಿ, ಗಾಳಿಗೆ ಮುಂಚೆ ಹದಿನೆಂಟು ಮೈಲಿ ಓಡಿಸಿದ್ವಿ. ಗಾಳಿ ಬೇರೆ ದಿಕ್ಕಿಗೆ ಹೋಯ್ತು, ಮರುದಿನ ಸಾಹೇಬರು ಮರಳಿನಲ್ಲಿ ಅಚ್ಚು ನೋಡ್ಕೊಂಡು ಬಂದ್ರು. ಸೊಂಟಕ್ಕೆ ಕೈಯಿಟ್ಟು ಕೇಳಿದ್ರು, ಏನಯ್ಯಾ, ನಿಮ್ಮ ಎಮ್ಮೆ ಅರ್ಧ ಹೋಗ್ತಾ ಇದೆ, ಅರ್ಧ ವಾಪಸ್ ಬರ್ತಾ ಇದೆಯಲ್ಲ ಅಂತ. ಅವತ್ತು ಅಂಬಾದಾಸ ನಕ್ಕಿದ್ದು ನೋಡಬೇಕಿತ್ತು. ನಲವತ್ತು ವರ್ಷ ಅದನ್ನೇ ನೆನೆಸಿಕೊಂಡು ನಕ್ಕಿದ್ದೀವಿ. ಒಂದು ವರ್ಷದಿಂದ ಅದನ್ನ ನೆನಪು ಮಾಡಿದ್ರೂ ನಗ್ತಾ ಇಲ್ಲ. ಅದಕ್ಕೇ ಕಣ್ಣಿಗೇ ಕಾಣಿಸೋ ಹಾಗೆ ಮಾಡಿದೆ."

ಆಮೇಲೆ ಚಂದ್ರಪ್ಪ ತಲೆಯೆತ್ತಿ, ಎಷ್ಟೋ ತಿಂಗಳ ನಂತರ ಮೊದಲ ಸಲ ಗೋಡೆಯನ್ನಲ್ಲ, ಕಿಶೋರನನ್ನೇ ನೋಡಿದರು. "ನನ್ನ ಕೈ ನಡುಗ್ತಾ ಇದೆ ಕಣಪ್ಪ. ಪಿನ್ನು ಹಾಕ್ತೀಯಾ?"

ಕಿಶೋರ ಕುರ್ಚಿ ಎಳೆದುಕೊಂಡು ಕೂತ. ಮುದುಕರು ಚೈನು ಹಿಡಿದರು, ಅವನು ಗಾಲಿಗಳ ಸುತ್ತ ಸುತ್ತಿದ. ಗೊತ್ತಿದ್ದೂ ಗೊತ್ತಿದ್ದೂ ಉಲ್ಟಾ ಹಾಕುವಾಗ ಅವನ ಮುಖ ಬೇವಿನ ಕಷಾಯ ಕುಡಿದವನಂತಾಗಿತ್ತು. "ಒಮ್ಮೆ ಮುಂದಕ ಹಾಕಿ ನೋಡೂಣೇನ್ರಿ ಚಂದ್ರಪ್ಪಾರ, ಸುಮ್ಮ ನೋಡಾಕ?" ಎಂದ.

"ಹಾಕಿದ್ರೆ ಇನ್ನೊಂದು ವರ್ಷ ಮಾತಾಡಲ್ಲ."

ಪಿನ್ನು ಕೂತಿತು. ಎಮ್ಮೆ ನೆಟ್ಟಗೆ ನಿಂತಿತು. ಗಡಿಯಾರದಲ್ಲಿ ಮೂರೂಕಾಲು.

ಅಂಬಾದಾಸ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮೂಲತಃ ಭಾಲ್ಕಿಯವರು, ಮಗನ ಕೆಲಸಕ್ಕಾಗಿ ಭೋರ್‌ನಲ್ಲಿ ನೆಲೆಸಿದವರು. ಎತ್ತರದ ಆಳು, ಬಿಳಿ ಟೋಪಿ, ಇಸ್ತ್ರಿ ಮಾಡಿದ ಅಂಗಿ. ಯಾರು ಮಾತಾಡಿಸಿದರೂ ತಲೆಯಾಡಿಸುತ್ತಿದ್ದರು, ಅಷ್ಟೇ. ಚಂದ್ರಪ್ಪ ಅವರ ಕೈ ಹಿಡಿದು ಮೇಜಿನ ಹತ್ತಿರ ತಂದು ನಿಲ್ಲಿಸಿದರು.

ಅಂಬಾದಾಸ ಕ್ರೇನು ನೋಡಿದರು. ಗಾಲಿ ನೋಡಿದರು. ಬಗ್ಗಿ ಎಡಗಡೆಯ ಚೈನು ನೋಡಿದರು, ಬಲಗಡೆಯದನ್ನು ನೋಡಿದರು. ಅವರ ಕಣ್ಣು ಮರಳಿನ ಅಚ್ಚಿಗೆ ಇಳಿಯಿತು, ಸೊಂಟಕ್ಕೆ ಕೈಯಿಟ್ಟ ಸಾಹೇಬನ ಮೇಲೆ ನಿಂತಿತು. ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾರೆ ಎಂದು ಇಂಪನಾ ಹೆದರಿ ಒಂದು ಹೆಜ್ಜೆ ಮುಂದಿಟ್ಟಳು.

"ಅರ್ಧ ಹೊಂಟದ..." ಎಂದರು ಅಂಬಾದಾಸ.

"ಅರ್ಧ ವಾಪಸ್ ಬರ್ತಾ ಇದೆ!" ಎಂದರು ಚಂದ್ರಪ್ಪ.

ಆಮೇಲೆ ಬಂದದ್ದು ಎಂಥ ನಗು! ಟೋಪಿ ಕೆಳಗೆ ಬಿತ್ತು, ಮುದುಕರಿಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ಬಗ್ಗಿ ಬಗ್ಗಿ ನಕ್ಕರು, ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. ಯಾಕೆ ನಗುತ್ತಿದ್ದಾರೆಂದು ತಿಳಿಯದ ಜಡ್ಜ್‌ಗಳೂ ನಕ್ಕರು. ಇಂಪನಾ ಫೋಟೋ ತೆಗೆಯುವುದನ್ನೇ ಮರೆತಳು.

ಜಡ್ಜ್ ಒಬ್ಬರು ಮಾತ್ರ ನಗು ಮುಗಿದ ಮೇಲೆ ಗಂಭೀರವಾಗಿ, ಚೈನು ತಿರುಗಿಸಿ ಹಾಕಿದ್ದಕ್ಕೆ ದಾಖಲೆ ಏನಿದೆ ಎಂದು ಕೇಳಿದರು. ಹರ್ಷದಾ ಎಲ್ಲರಿಗಿಂತ ಮೊದಲು ಅಂಬಾದಾಸರತ್ತ ಕೈ ತೋರಿಸಿದಳು. "ದಾಖಲೆ ಟೋಪಿ ಹುಡುಕಾಕತ್ತದ, ನೋಡ್ರಿ." ಮೊದಲ ಬಹುಮಾನ ಚಂದ್ರಪ್ಪನವರಿಗೆ ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಎರಡನೇ ಬಹುಮಾನದ ಕಿಶೋರ. ಅವನ ಇನ್ನೊಂದು ಕೈಯಲ್ಲಿ ಯಮನವ್ವ ಒತ್ತಾಯ ಮಾಡಿ ಕೊಟ್ಟ ರೊಟ್ಟಿ ಇದ್ದದ್ದರಿಂದ ಚಪ್ಪಾಳೆಯನ್ನು ತೊಡೆಗೆ ಹೊಡೆಯಬೇಕಾಯಿತು.

ವರಾಂಡದಲ್ಲಿ ಚಹಾ ಕುಡಿಯುವಾಗ ಹೊಸ ಜಗಳ ಶುರುವಾಗಿತ್ತು.

"ಅವತ್ತು ಚೈನು ಉಲ್ಟಾ ಹಿಡದಾಂವ ನೀನ ಚಂದ್ರಪ್ಪ."

"ನಾನು ಪಿನ್ನು ಹೊಡೆದೋನು. ಹಿಡಿದೋನು ನೀನು."

"ಸುಳ್ಳು! ನಲವತ್ತು ವರ್ಷದಿಂದ ಸುಳ್ಳು ಹೇಳಕತ್ತಾನ್ರಿ ಇಂವ." ಅಂಬಾದಾಸ ಚಹಾದ ಲೋಟ ಕೆಳಗಿಟ್ಟು ಯಮನವ್ವನತ್ತ ತಿರುಗಿದರು. "ಅಕ್ಕಾರ, ನೀವು ಭಾಳ ಶಾಣ್ಯಾರಂತ ಈ ಹುಡುಗಿ ಹೇಳಿದಳು. ಇದೊಂದು ಪತ್ತೆ ಮಾಡಿಕೊಡ್ರಿ. ಉಲ್ಟಾ ಹಾಕಿದಾಂವ ಯಾರು?"

ಇಂಪನಾ ಯಮನವ್ವನ ಮುಖ ನೋಡಿದಳು. ಆ ಕಣ್ಣುಗಳಲ್ಲಿ ಉತ್ತರ ಆಗಲೇ ಸಿದ್ಧವಾಗಿತ್ತು. ಮೂರು ವರ್ಷ ಜೊತೆಗಿದ್ದವಳಿಗೆ ಅಷ್ಟು ಗೊತ್ತಾಗುತ್ತಿತ್ತು.

ಯಮನವ್ವ ರೊಟ್ಟಿ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡಳು. "ಅದು ನನ್ನ ಕೈಲಿ ಆಗಂಗಿಲ್ರಿ ಅಣ್ಣಾರ. ಭಾಳ ಕಠಿಣ ಅದ" ಎಂದಳು. "ಮುಂದಿನ ಐತವಾರ ಬರ್ರಿ, ಇಬ್ರೂ ಕುಂತು ಜಗಳ ಮಾಡ್ರಿ. ನಾನು ರೊಟ್ಟಿ ಹಚ್ಚತೀನಿ."

ಓಣಿಯವರೆಗೂ ಅವಳ ಹಿಂದೆಯೇ ಹೋದ ಇಂಪನಾ ತಡೆಯಲಾರದೆ ಕೇಳಿದಳು, "ಅವ್ವಾ, ನಿಮಗೆ ಗೊತ್ತಾಯ್ತು ಅಲ್ವಾ? ಯಾರು?"

"ಗೊತ್ತಾದ್ರ ಏನು ಬಂತವ್ವ?" ಎಂದಳು ಯಮನವ್ವ. "ಅದು ಪತ್ತೆ ಆದ ದಿವಸ ಆ ಇಬ್ರಿಗೂ ಮಾತಾಡಾಕ ಏನೂ ಉಳಿಯಂಗಿಲ್ಲ."

ಹಿಂದೆ ವರಾಂಡದಿಂದ ಅಂಬಾದಾಸರ ದನಿ ಕೇಳುತ್ತಲೇ ಇತ್ತು. ಒಂದು ವರ್ಷದ ಮಾತನ್ನೆಲ್ಲ ಅವರು ಅಂದೇ ಆಡಿ ಮುಗಿಸುವ ಹಾಗಿತ್ತು.